ಗಣಕದ ಪರಕಾಯ ಪ್ರವೇಶ

ಶಂಕರಾಚಾರ್ಯರು ಅಮರುಕನೆಂಬ ಅರಸನ ಕಾಯವನ್ನು ಪ್ರವೇಶಿಸಿದರೆಂಬ ಕಥೆಯನ್ನು ನಮ್ಮಲ್ಲಿ ಕೇಳದವರು ವಿರಳ. ತಮ್ಮ ದೇಹವನ್ನು ಗುಹೆಯೊಂದರಲ್ಲಿ ಬಿಟ್ಟು, ಅದರ ಕಾವಲನ್ನು ಶಿಷ್ಯರಿಗೆ ಒಪ್ಪಿಸಿ, ಮೃತನಾಗಿದ್ದ ಅರಸನ ದೇಹದಲ್ಲಿ ಅವರು ಎಚ್ಚತ್ತರೆಂದು ಆ ಕಥೆ ಹೇಳುತ್ತದೆ. ಕಥೆಯ ಸತ್ಯಾಸತ್ಯತೆಯನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶವಲ್ಲ. ಜೀವವು ಕಾಯವನ್ನು ಬದಲಿಸಿದಾಗ ಹೊಸ ಅಂಗಾಂಗಗಳ ಪರಿಚಯ ಅದಕ್ಕೆ ಆಗಬೇಕು; ಆಗುವವರೆಗೆ ಹಳೆಯ ಕಾಯವನ್ನು ಜೋಪಾನವಾಗಿ ಕಾಯಬೇಕು. ಈ ಎರಡು ಮಾತುಗಳು ಗಣಕಯಂತ್ರಕ್ಕೂ ಅನ್ವಯಿಸುತ್ತವೆ ಎಂಬುದು ಕಳೆದ ವರ್ಷ ನನ್ನ ಅನುಭವಕ್ಕೆ ಬಂದಿತು. ಅದನ್ನು ಸಹಪಾಠಿ ಮಿತ್ರರೊಡನೆ ಹಂಚಿಕೊಳ್ಳುವುದೇ ಈ ಬರಹದ ಹವಣು.

ಇತಿಹಾಸವನ್ನು ಓದುತ್ತಿರುವ ನನಗೂ ಸರ್ವರುಗಳಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವಿದೆ. ನಮ್ಮ ಪುಸ್ತಕ ಭಂಡಾರದ ಗ್ರಂಥಸೂಚಿ ಇದ್ದದ್ದು ಒಂದೇ ಒಂದು ಹಳೆಯ ಸರ್ವರಿನಲ್ಲಿ. ಹಿಂದಿನ ಗ್ರಂಥಪಾಲಕರು ಹಲವು ವರ್ಷಗಳ ಕಾಲ, ರಜೆಯ ದಿನಗಳಲ್ಲಿಯೂ ಕುಳಿತು, ಹಳೆಯ ಕನ್ನಡ ಪುಸ್ತಕಗಳ ವಿವರಗಳನ್ನು ಒಂದೊಂದಾಗಿ ಅದರಲ್ಲಿ ಸೇರಿಸಿದ್ದರು. ಮೊದಲಿದ್ದ ಕಾರ್ಡುಗಳ ಮರದ ಸೆಳೆಖಾನೆಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಯಾವ ಪುಸ್ತಕ ಯಾವ ಬೀರುವಿನಲ್ಲಿದೆ ಎಂಬುದನ್ನು ಬಲ್ಲದ್ದು ಆ ಯಂತ್ರವೊಂದೇ. ಅದರ ಎರಡು ಡಿಸ್ಕುಗಳಲ್ಲಿ ಒಂದು ಆಗಲೇ ಸತ್ತಿತ್ತು. ಉಳಿದದ್ದು ದಿನಕ್ಕೊಂದು ಹೊಸ ಸದ್ದು ಮಾಡತೊಡಗಿತ್ತು. ಆದಕಾರಣ ಅದರಲ್ಲಿದ್ದುದನ್ನೆಲ್ಲ ಗಣಕ ವಿಭಾಗದ ಹೊಸ ಸರ್ವರಿನೊಳಕ್ಕೆ ಕಲ್ಪಿತ ಯಂತ್ರದ ರೂಪದಲ್ಲಿ ಸಾಗಿಸಬೇಕೆಂದು ನಿಶ್ಚಯವಾಯಿತು. ಅಧ್ಯಾಪಕರೊಬ್ಬರ ಕೈಕೆಳಗೆ ನಾವು ಮೂವರು ವಿದ್ಯಾರ್ಥಿಗಳು ನೆರವಿಗೆ ನಿಂತೆವು.

ಕಲ್ಪಿತ ಯಂತ್ರವೆಂದರೇನು?

ಇಂಗ್ಲಿಷಿನಲ್ಲಿ ವರ್ಚುವಲ್ ಮಷಿನ್ ಎಂದು ಕರೆಯುವುದನ್ನೇ ಇಲ್ಲಿ ಕಲ್ಪಿತ ಯಂತ್ರವೆಂದಿದ್ದೇನೆ. ಒಂದು ನಿಜವಾದ ಗಣಕದೊಳಗೆ ಕೇವಲ ತಂತ್ರಾಂಶದ ಬಲದಿಂದ ಮತ್ತೊಂದು ಗಣಕವನ್ನು ರೂಪಿಸುವುದು ಇದರ ಅರ್ಥ. ಹೊರಗಿನದು ಆತಿಥೇಯ, ಒಳಗಿನದು ಅತಿಥಿ. ಅತಿಥಿಗೆ ತನ್ನದೇ ಆದ ಡಿಸ್ಕು, ತನ್ನದೇ ಸ್ಮೃತಿ, ತನ್ನದೇ ಜಾಲದ ಕಾರ್ಡು ಇರುವಂತೆ ತೋರುತ್ತದೆ. ವಾಸ್ತವದಲ್ಲಿ ಆ ಡಿಸ್ಕು ಆತಿಥೇಯನ ಡಿಸ್ಕಿನಲ್ಲಿರುವ ಒಂದು ದೊಡ್ಡ ಕಡತ ಮಾತ್ರ. ಈ ವಿದ್ಯೆ ಹೊಸದೇನೂ ಅಲ್ಲ. ಐಬಿಎಂ ಸಂಸ್ಥೆಯವರು ೧೯೭೨ರಲ್ಲಿಯೇ ವಿಎಂ/೩೭೦ ಎಂಬ ವ್ಯವಸ್ಥೆಯನ್ನು ತಮ್ಮ ದೊಡ್ಡ ಗಣಕಗಳಿಗಾಗಿ ಪ್ರಕಟಿಸಿದ್ದರು. ೧೯೯೮ರಲ್ಲಿ ಸ್ಥಾಪನೆಯಾದ ವಿಎಂವೇರ್ ಸಂಸ್ಥೆ ಅದನ್ನು ಸಾಮಾನ್ಯ ಗಣಕಗಳಿಗೂ ತಂದಿತು. ೨೦೦೭ರಲ್ಲಿ ಕೆವಿಎಂ ಎಂಬುದು ಲಿನಕ್ಸ್ ಕರ್ನಲ್‌ನ ಭಾಗವಾಗಿ ಸೇರಿತು. ನಮ್ಮ ಕಾಲೇಜಿನ ಆತಿಥೇಯ ಯಂತ್ರದಲ್ಲಿರುವುದು ಈ ಕೆವಿಎಂ.

ನಮ್ಮ ಹಳೆಯ ಸರ್ವರಿನಲ್ಲಿದ್ದುದು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ. ಅದರ ಮೇಲೆ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ. ಕೋಹಾ ೨೦೦೦ದ ಜನವರಿಯಲ್ಲಿ ನ್ಯೂಜಿಲೆಂಡಿನ ಗ್ರಂಥಾಲಯಗಳಲ್ಲಿ ಮೊದಲು ಬಳಕೆಗೆ ಬಂದಿತು. ಆ ಹೆಸರಿಗೆ ಮಾವೋರಿ ಭಾಷೆಯಲ್ಲಿ ಕಾಣಿಕೆ ಎಂದು ಅರ್ಥ. ಮೊದಲು ದತ್ತಾಂಶದ ಪ್ರತಿಯೊಂದನ್ನು ಪ್ರತ್ಯೇಕವಾಗಿ ತೆಗೆದಿಟ್ಟೆವು. ಅನಂತರ ಸರ್ವರನ್ನು ನಿಲ್ಲಿಸಿ, ಪೆನ್‌ಡ್ರೈವಿನಲ್ಲಿದ್ದ ಬೇರೊಂದು ಲಿನಕ್ಸಿನಿಂದ ಅದನ್ನು ಎಬ್ಬಿಸಿ, ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಅಕ್ಷರ ಬಿಡದೆ ನಕಲು ಮಾಡಿದೆವು. ನಕಲನ್ನು ಕಲ್ಪಿತ ಯಂತ್ರಕ್ಕೆ ಜೋಡಿಸಿ ಚಾಲನೆ ಕೊಟ್ಟೆವು. ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಒಂದು ಸಾಲು ಬಂದು ನಿಂತಿತು. ಗ್ರಂಥಪಾಲಕರ ಮುಖ ಬಾಡಿತು. ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸೋಣವೆಂದು ನಮ್ಮಲ್ಲೊಬ್ಬನು ಸೂಚಿಸಿದನು. ಅಧ್ಯಾಪಕರು ಅವನನ್ನು ತಡೆದು, “ಸ್ವಲ್ಪ ತಾಳಪ್ಪಾ. ಮನೆಯೇನೂ ಬಿದ್ದಿಲ್ಲ, ಬಾಗಿಲು ತೆರೆಯುತ್ತಿಲ್ಲ, ಅಷ್ಟೆ. ಯಾವ ಬಾಗಿಲು ಎಂದು ಮೊದಲು ನೋಡೋಣ” ಎಂದರು. ಮುಂದೆ ಬರೆಯುವುದೆಲ್ಲ ಆ ಒಂದು ಮಾತಿನ ವಿವರಣೆಯೇ ಆಗಿದೆ.

ಗಣಕವು ಏಳುವ ಕ್ರಮ

ಗಣಕಯಂತ್ರವು ಒಮ್ಮೆಗೇ ಏಳುವುದಿಲ್ಲ. ಒಬ್ಬರು ಮತ್ತೊಬ್ಬರನ್ನು ಎಬ್ಬಿಸುವ ಕ್ರಮದಲ್ಲಿ ಏಳುತ್ತದೆ. ವಿದ್ಯುತ್ತು ಹರಿದೊಡನೆ ಮೊದಲು ಏಳುವುದು ಯಂತ್ರದ ಮೂಲಫಲಕದಲ್ಲಿರುವ ಫರ್ಮ್‌ವೇರ್. ಅದು ಡಿಸ್ಕಿನಲ್ಲಿರುವ ಬೂಟ್‌ಲೋಡರನ್ನು ಹುಡುಕಿ ಎಬ್ಬಿಸುತ್ತದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇದರ ಹೆಸರು ಗ್ರಬ್. ಗ್ರಬ್ ಕರ್ನಲ್ಲನ್ನು ಸ್ಮೃತಿಗೆ ತುಂಬುತ್ತದೆ. ಜೊತೆಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಒಂದು ಸಣ್ಣ ಗಂಟನ್ನೂ ಕಟ್ಟಿಕೊಡುತ್ತದೆ. ಇದನ್ನು ಕರ್ನಲ್‌ನ ದಾರಿಯ ಬುತ್ತಿ ಎನ್ನಬಹುದು. ಡಿಸ್ಕನ್ನು ಮುಟ್ಟಲು ಬೇಕಾದ ಚಾಲಕಗಳು, ಎಂದರೆ ಡ್ರೈವರುಗಳು, ಈ ಬುತ್ತಿಯಲ್ಲಿರುತ್ತವೆ. ಅವುಗಳ ಸಹಾಯದಿಂದ ಕರ್ನಲ್ ಮೂಲ ಕಡತವ್ಯವಸ್ಥೆಯನ್ನು ತೆರೆಯುತ್ತದೆ. ಆಮೇಲೆ ಉಳಿದ ಡಿಸ್ಕುಗಳು, ಜಾಲ, ದತ್ತಾಂಶದ ಸೇವೆ ಇವು ಒಂದೊಂದಾಗಿ ಎಚ್ಚರಗೊಳ್ಳುತ್ತವೆ.

ಈ ಸರಪಳಿಯ ಪ್ರತಿಯೊಂದು ಕೊಂಡಿಯೂ ಹಳೆಯ ಕಾಯದ ನೆನಪನ್ನು ಸ್ವಲ್ಪಸ್ವಲ್ಪ ಇಟ್ಟುಕೊಂಡಿರುತ್ತದೆ. ಕಾಯ ಬದಲಾದಾಗ ಆ ನೆನಪು ಸುಳ್ಳಾಗುತ್ತದೆ. ಡಿಸ್ಕಿನ ಒಂದು ಅಕ್ಷರವೂ ಕೆಟ್ಟಿರದಿದ್ದರೂ ಯಂತ್ರ ಏಳದಿರುವುದು ಇದರಿಂದಲೇ. ಆದುದರಿಂದ ಪರದೆಯ ಮೇಲೆ ಬಂದ ಮಾತು ಯಾವ ಕೊಂಡಿಯದು ಎಂಬುದನ್ನು ಗುರುತಿಸಿದರೆ ಅರ್ಧ ಚಿಕಿತ್ಸೆ ಮುಗಿದಂತೆ. ನಮಗೆ ಅಡ್ಡಬಂದ ಬಾಗಿಲುಗಳು ಐದು.

ಮೊದಲನೆಯ ಬಾಗಿಲು: ಫರ್ಮ್‌ವೇರಿನ ಜಾತಿ

ಫರ್ಮ್‌ವೇರಿನಲ್ಲಿ ಎರಡು ಬಗೆಗಳಿವೆ. ಹಳೆಯದು ಬಯೋಸ್. ಅದು ಡಿಸ್ಕಿನ ಮೊಟ್ಟಮೊದಲನೆಯ ೫೧೨ ಬೈಟುಗಳನ್ನು ಓದಿ, ಅಲ್ಲಿರುವ ಪುಟ್ಟ ಕ್ರಮವಿಧಿಗೆ ಅಧಿಕಾರವನ್ನು ಒಪ್ಪಿಸುತ್ತದೆ. ಹೊಸದು ಯುಇಎಫ್‌ಐ. ಇದು ಡಿಸ್ಕಿನಲ್ಲಿ ಇದಕ್ಕೆಂದೇ ಮೀಸಲಾದ ಒಂದು ವಿಭಾಗವನ್ನು ಹುಡುಕಿ, ಅದರೊಳಗಿನ ಕಡತವನ್ನು ಹೆಸರು ಹಿಡಿದು ಎಬ್ಬಿಸುತ್ತದೆ. ಒಂದರ ದಾರಿ ಮತ್ತೊಂದಕ್ಕೆ ತಿಳಿಯದು. ನಮ್ಮ ಹಳೆಯ ಸರ್ವರು ಯುಇಎಫ್‌ಐ ಪದ್ಧತಿಯಲ್ಲಿ ಸ್ಥಾಪಿತವಾಗಿತ್ತು. ನಾವು ರೂಪಿಸಿದ ಕಲ್ಪಿತ ಯಂತ್ರಕ್ಕೆ ತಾನಾಗಿಯೇ ಬಯೋಸ್ ಬಂದಿತ್ತು. ಅದು ಮೊದಲ ೫೧೨ ಬೈಟುಗಳಲ್ಲಿ ತನಗೆ ಬೇಕಾದುದನ್ನು ಕಾಣದೆ ಕೈಚೆಲ್ಲಿತು. ಕಲ್ಪಿತ ಯಂತ್ರದ ವಿನ್ಯಾಸದಲ್ಲಿ ಫರ್ಮ್‌ವೇರನ್ನು ಯುಇಎಫ್‌ಐಗೆ ಬದಲಿಸುವುದೇ ಇದರ ಪರಿಹಾರ. ಡಿಸ್ಕನ್ನು ಮುಟ್ಟುವ ಅಗತ್ಯವೇ ಇಲ್ಲ. ಹಳೆಯ ಲಿನಕ್ಸ್ ಯಂತ್ರವು ಯಾವ ಪದ್ಧತಿಯಲ್ಲಿ ಎದ್ದಿದೆಯೆಂದು ತಿಳಿಯಲು ಅದರ ‘ಸಿಸ್’ ಕೋಶದೊಳಗಣ ‘ಫರ್ಮ್‌ವೇರ್’ ಕೋಶವನ್ನು ನೋಡಬೇಕು. ಅಲ್ಲಿ ‘ಇಎಫ್‌ಐ’ ಎಂಬ ಹೆಸರಿದ್ದರೆ ಅದು ಯುಇಎಫ್‌ಐ.

ಎರಡನೆಯ ಬಾಗಿಲು: ಮೂಲಫಲಕದಲ್ಲಿ ಉಳಿದ ಚೀಟಿ

ಫರ್ಮ್‌ವೇರನ್ನು ಬದಲಿಸಿದೆವು. ಈ ಸಲ ಹಿಂದಿನ ಮಾತು ಬರಲಿಲ್ಲ. ‘ಶೆಲ್’ ಎಂಬ ಸೂಚನೆಯೊಂದಿಗೆ ಯಂತ್ರವು ನಮ್ಮ ಆಜ್ಞೆಗಾಗಿ ಕಾದು ನಿಂತಿತು. ನಾವು ಮತ್ತೆ ಸೋತೆವೆಂದುಕೊಂಡೆವು. ಅಧ್ಯಾಪಕರಾದರೋ ನಕ್ಕು, “ತಪ್ಪಿನ ಮಾತು ಬದಲಾಯಿತೆಂದರೆ ಒಂದು ಬಾಗಿಲು ದಾಟಿದಿರಿ ಎಂದರ್ಥ” ಎಂದರು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ.

ಇಲ್ಲಿಯ ತೊಡಕು ಇಷ್ಟೆ. ಯುಇಎಫ್‌ಐ ತಾನು ಎಬ್ಬಿಸಬೇಕಾದ ಕಡತದ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಂತೆ ನೆನಪಿಡುತ್ತದೆ. ಆ ಚೀಟಿ ಇರುವುದು ಡಿಸ್ಕಿನಲ್ಲಲ್ಲ, ಮೂಲಫಲಕದ ಸ್ಥಿರ ಸ್ಮೃತಿಯಲ್ಲಿ. ಡಿಸ್ಕನ್ನು ಎಷ್ಟೇ ನಿಷ್ಠೆಯಿಂದ ನಕಲು ಮಾಡಿದರೂ ಚೀಟಿ ಹಳೆಯ ಯಂತ್ರದಲ್ಲಿಯೇ ಉಳಿಯುತ್ತದೆ. ಚೀಟಿ ಇಲ್ಲದಿದ್ದಾಗ ಫರ್ಮ್‌ವೇರು ಒಂದು ಸರ್ವಸಾಮಾನ್ಯ ಸ್ಥಳವನ್ನು ನೋಡುತ್ತದೆ: ‘ಇಎಫ್‌ಐ’ ಕೋಶದೊಳಗಿನ ‘ಬೂಟ್’ ಕೋಶದಲ್ಲಿ ‘ಬೂಟ್‌ಎಕ್ಸ್೬೪’ ಎಂಬ ಕಡತ. ಡೆಬಿಯನ್ ತನ್ನ ಗ್ರಬ್ಬನ್ನು ಸಾಮಾನ್ಯವಾಗಿ ‘ಡೆಬಿಯನ್’ ಎಂಬ ಬೇರೊಂದು ಕೋಶದಲ್ಲಿಡುತ್ತದೆ. ಹೀಗಾಗಿ ಗ್ರಬ್ ಕಣ್ಣೆದುರಿಗೇ ಇದ್ದರೂ ಫರ್ಮ್‌ವೇರಿಗೆ ಕಾಣಲಿಲ್ಲ.

ತಾತ್ಕಾಲಿಕ ಉಪಾಯವಾಗಿ, ಶೆಲ್ಲಿನಲ್ಲಿಯೇ ಆ ಕಡತದ ಪೂರ್ಣ ವಿಳಾಸವನ್ನು ಬೆರಳಚ್ಚಿಸಿ ಗ್ರಬ್ಬನ್ನು ಎಬ್ಬಿಸಿದೆವು. ಶಾಶ್ವತ ಪರಿಹಾರವೆಂದರೆ ‘ಗ್ರಬ್-ಇನ್‌ಸ್ಟಾಲ್’ ಆಜ್ಞೆಗೆ ‘ರಿಮೂವಬಲ್’ ಎಂಬ ಸೂಚನೆಯನ್ನು ಸೇರಿಸಿ ಓಡಿಸುವುದು. ಆಗ ಸರ್ವಸಾಮಾನ್ಯ ಸ್ಥಳದಲ್ಲಿಯೂ ಗ್ರಬ್‌ನ ಪ್ರತಿ ಕುಳಿತುಕೊಳ್ಳುತ್ತದೆ. ಮುಂದೆ ಈ ಡಿಸ್ಕು ಯಾವ ಯಂತ್ರಕ್ಕೆ ಹೋದರೂ ಚೀಟಿಯ ಹಂಗಿರುವುದಿಲ್ಲ.

ಮೂರನೆಯ ಬಾಗಿಲು: ಬುತ್ತಿಯಲ್ಲಿ ಇಲ್ಲದ ಚಾಲಕ

ಗ್ರಬ್ ಎದ್ದಿತು, ಕರ್ನಲ್ ಓಡತೊಡಗಿತು, ಪರದೆಯ ತುಂಬ ಸಾಲುಗಳು ಹರಿದವು. ನಾವು ಚಪ್ಪಾಳೆ ತಟ್ಟುವಷ್ಟರಲ್ಲಿ, ಇಂಥ ಗುರುತಿನ ಡಿಸ್ಕು ಇಲ್ಲವೆಂಬ ಎಚ್ಚರಿಕೆಯೊಂದು ಬಂದು, ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಆವರಣದೊಳಗೆ ಎಲ್ಲವೂ ನಿಂತಿತು. ಇಲ್ಲಿ ಬುದ್ಧಿವಂತ ವಾಚಕರಿಗೆ ಒಂದು ಸಂದೇಹ ಹುಟ್ಟಬೇಕು. ಡಿಸ್ಕೇ ಇಲ್ಲವೆಂದಾದರೆ ಕರ್ನಲ್ ಬಂದುದಾದರೂ ಎಲ್ಲಿಂದ? ಅದೂ ಆ ಡಿಸ್ಕಿನಲ್ಲಿಯೇ ಇತ್ತಲ್ಲವೆ?

ಇದರ ಉತ್ತರ ಸ್ವಾರಸ್ಯವಾಗಿದೆ. ಗ್ರಬ್ ಡಿಸ್ಕನ್ನು ಓದುವುದು ಫರ್ಮ್‌ವೇರಿನ ಕಣ್ಣುಗಳಿಂದ. ಕಲ್ಪಿತ ಯಂತ್ರದ ಫರ್ಮ್‌ವೇರಿಗೆ ತನ್ನ ಡಿಸ್ಕಿನ ಪರಿಚಯ ಚೆನ್ನಾಗಿಯೇ ಇದೆ. ಕರ್ನಲ್ ಎದ್ದ ಮೇಲಾದರೋ ಆ ಕಣ್ಣುಗಳನ್ನು ಬಿಟ್ಟುಕೊಟ್ಟು ತನ್ನದೇ ಚಾಲಕದಿಂದ ನೋಡಬೇಕು. ಹಳೆಯ ಸರ್ವರಿನಲ್ಲಿ ಎರಡು ಡಿಸ್ಕುಗಳನ್ನು ಒಂದಾಗಿ ತೋರಿಸುವ ರೇಡ್ ನಿಯಂತ್ರಕವಿತ್ತು. ಅದಕ್ಕೆ ಬೇಕಾದ ಚಾಲಕ ಬುತ್ತಿಯಲ್ಲಿತ್ತು. ಕೆವಿಎಂನ ಕಲ್ಪಿತ ಡಿಸ್ಕಿಗೆ ಬೇಕಾದದ್ದು ವರ್ಟ್‌ಐಒ ಎಂಬ ಬೇರೆಯ ಚಾಲಕ. ಹಿಂದೆ ಡೆಬಿಯನ್ನನ್ನು ಸ್ಥಾಪಿಸಿದವರು, ಎಲ್ಲ ಚಾಲಕಗಳೂ ಬೇಕೋ ಈ ಯಂತ್ರಕ್ಕೆ ಬೇಕಾದಷ್ಟು ಸಾಕೋ ಎಂಬ ಪ್ರಶ್ನೆಗೆ, ಬೇಕಾದಷ್ಟು ಸಾಕೆಂದು ಉತ್ತರ ಕೊಟ್ಟಿದ್ದರು. ಅಂದಿಗೆ ಅದು ಮಿತವ್ಯಯ. ಕಾಯ ಬದಲಾದ ದಿನ ಅದೇ ಕೊರತೆಯಾಯಿತು.

ಇದು ಚಾಲಕದ ಕೊರತೆಯೋ ಹೆಸರಿನ ಗೊಂದಲವೋ ಎಂದು ನಿರ್ಧರಿಸಲು ಸುಲಭವಾದ ಪರೀಕ್ಷೆಯೊಂದಿದೆ. ನಿಂತ ಜಾಗದಲ್ಲಿಯೇ ‘ಪ್ರಾಕ್’ ಕೋಶದ ‘ಪಾರ್ಟಿಷನ್ಸ್’ ಕಡತವನ್ನು ಓದಬೇಕು. ಪಟ್ಟಿಯಲ್ಲಿ ಡಿಸ್ಕೇ ಇಲ್ಲದಿದ್ದರೆ ಚಾಲಕವಿಲ್ಲ. ಡಿಸ್ಕಿದ್ದು, ಕರ್ನಲ್ ‘ಎಸ್‌ಡಿಎ’ ಎಂದು ಹುಡುಕುತ್ತಿರುವುದು ಇಲ್ಲಿ ‘ವಿಡಿಎ’ ಎಂದು ಕಾಣಿಸಿಕೊಂಡಿದ್ದರೆ, ಹೆಸರು ಮಾತ್ರ ಬದಲಾಗಿದೆ. ಹೆಸರಿನ ಬದಲು ಯುಯುಐಡಿ ಎಂಬ ಸ್ಥಿರ ಗುರುತನ್ನು ಬಳಸಿದಲ್ಲಿ ಈ ಎರಡನೆಯ ತೊಂದರೆ ಬಾರದು. ನಮ್ಮಲ್ಲಿ ಪಟ್ಟಿ ಬರಿದಾಗಿತ್ತು.

ಪರಿಹಾರ ಹೀಗೆ: ಪೆನ್‌ಡ್ರೈವಿನಲ್ಲಿದ್ದ ಅದೇ ಲಿನಕ್ಸಿನ ಐಎಸ್‌ಒ ಕಡತದಿಂದ ಕಲ್ಪಿತ ಯಂತ್ರವನ್ನು ಎಬ್ಬಿಸಿದೆವು. ಅದರಲ್ಲಿ ವರ್ಟ್‌ಐಒ ಚಾಲಕ ಇದ್ದುದರಿಂದ ನಮ್ಮ ಡಿಸ್ಕು ಅಲ್ಲಿ ಸಂಪೂರ್ಣವಾಗಿ ಗೋಚರಿಸಿತು. ಗ್ರಂಥಸೂಚಿಯ ಕಡತಗಳು ಇದ್ದಲ್ಲಿಯೇ ಇದ್ದುವು! ಅದನ್ನು ಕಂಡಮೇಲೆ ಗ್ರಂಥಪಾಲಕರು ಚಹ ತರಿಸಿದರು. ಅನಂತರ ಡಿಸ್ಕಿನ ಮೂಲ ವಿಭಾಗವನ್ನು ತೆರೆದು, ಯುಇಎಫ್‌ಐ ವಿಭಾಗವನ್ನೂ ‘ಡೆವ್’, ‘ಪ್ರಾಕ್’, ‘ಸಿಸ್’ ಎಂಬ ಕೋಶಗಳನ್ನೂ ಅದಕ್ಕೆ ಜೋಡಿಸಿ, ‘ಸಿಎಚ್‌ರೂಟ್’ ಆಜ್ಞೆಯಿಂದ ಅದರೊಳಕ್ಕೆ ಹೊಕ್ಕೆವು. ಬುತ್ತಿಯ ವಿನ್ಯಾಸದಲ್ಲಿ ‘ಮಾಡ್ಯೂಲ್ಸ್’ ಎಂಬುದರ ಬೆಲೆಯನ್ನು ‘ಡೆಪ್’ ಎಂಬುದರಿಂದ ‘ಮೋಸ್ಟ್’ ಎಂದು ತಿದ್ದಿದೆವು. ಇಲ್ಲಿ ಒಂದು ಎಚ್ಚರಿಕೆ: ಮುಖ್ಯ ಕಡತದಲ್ಲಿ ‘ಮೋಸ್ಟ್’ ಎಂದಿದ್ದರೂ ‘ಕಾನ್ಫ್-ಡಿ’ ಕೋಶದಲ್ಲಿರುವ ‘ಡ್ರೈವರ್-ಪಾಲಿಸಿ’ ಎಂಬ ಕಡತದ ಮಾತೇ ಮೇಲಾಗುತ್ತದೆ. ಅದನ್ನರಿಯದೆ ನಾವು ಒಂದು ಗಂಟೆಯನ್ನು ಕಳೆದೆವು. ಬಳಿಕ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್’ ಆಜ್ಞೆಯಿಂದ ಎಲ್ಲ ಕರ್ನಲ್‌ಗಳಿಗೂ ಬುತ್ತಿಯನ್ನು ಹೊಸದಾಗಿ ಕಟ್ಟಿಸಿದೆವು. ಎರಡನೆಯ ಬಾಗಿಲಿನ ಶಾಶ್ವತ ಪರಿಹಾರವನ್ನೂ ಆಗಲೇ ಮಾಡಿ ಮುಗಿಸಿದೆವು. ರೆಡ್ ಹ್ಯಾಟ್ ಕುಲದ ವ್ಯವಸ್ಥೆಗಳಲ್ಲಿ ಇದೇ ಕೆಲಸಕ್ಕೆ ‘ಡ್ರಾಕಟ್’ ಎಂಬ ಆಜ್ಞೆಯಿದೆ.

ನಾಲ್ಕನೆಯ ಬಾಗಿಲು: ಬಾರದ ನೆಂಟನಿಗಾಗಿ ಕಾಯುವುದು

ಈ ಸಲ ವ್ಯವಸ್ಥೆ ಬಹಳ ಮುಂದುವರಿಯಿತು. ಆದರೆ ಒಂದೆಡೆ ೯೦ ಸೆಕೆಂಡುಗಳವರೆಗೆ ಯಾವುದಕ್ಕೋ ಕಾದು, ತುರ್ತುಸ್ಥಿತಿಗೆ ಇಳಿಯಿತು. ಯಾವ ಯಾವ ಡಿಸ್ಕನ್ನು ಎಲ್ಲೆಲ್ಲಿ ಜೋಡಿಸಬೇಕೆಂಬ ಪಟ್ಟಿ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿರುತ್ತದೆ. ಹಿಂದೊಮ್ಮೆ ಹೊರಗಿನಿಂದ ಜೋಡಿಸಿದ್ದ ಡಿಸ್ಕೊಂದರ ಹೆಸರು ಅದರಲ್ಲಿ ಉಳಿದಿತ್ತು. ಕಲ್ಪಿತ ಯಂತ್ರದಲ್ಲಿ ಆ ಡಿಸ್ಕು ಎಲ್ಲಿಂದ ಬರಬೇಕು? ಪಂಕ್ತಿಯಲ್ಲಿ ಒಬ್ಬ ನೆಂಟ ಬರಲಿಲ್ಲವೆಂದು ಎಲ್ಲರ ಊಟವನ್ನೂ ನಿಲ್ಲಿಸಿದಂತಾಗಿತ್ತು. ಆ ಸಾಲಿನ ಮುಂದೆ ಗುರುತು ಹಾಕಿ ಅದನ್ನು ನಿಷ್ಕ್ರಿಯಗೊಳಿಸಿದೆವು. ಇದ್ದರೆ ಜೋಡಿಸು, ಇಲ್ಲದಿದ್ದರೆ ಮುಂದೆ ಹೋಗು ಎಂದು ಹೇಳುವ ‘ನೋಫೇಲ್’ ಎಂಬ ಸೂಚನೆಯನ್ನು ಬರೆದರೂ ಸಾಕು.

ಐದನೆಯ ಬಾಗಿಲು: ಮೂಕವಾದ ಜಾಲ

ಕಡೆಗೆ ಪ್ರವೇಶದ ಸೂಚನೆ ಬಂದಿತು. ಆದರೂ ಭಂಡಾರದ ಮೇಜಿನ ಗಣಕದಿಂದ ಗ್ರಂಥಸೂಚಿ ತೆರೆಯಲಿಲ್ಲ. ಹಳೆಯ ಯಂತ್ರದಲ್ಲಿ ಜಾಲದ ಕಾರ್ಡಿನ ಹೆಸರು ‘ಇಎನ್‌ಒ೧’ ಎಂದಿತ್ತು. ಹೊಸತರಲ್ಲಿ ಅದು ‘ಇಎನ್‌ಎಸ್೧೮’ ಆಗಿತ್ತು. ಐಪಿ ವಿಳಾಸವು ಹಳೆಯ ಹೆಸರಿಗೆ ಅಂಟಿಕೊಂಡಿದ್ದುದರಿಂದ ಹೊಸ ಕಾರ್ಡು ವಿಳಾಸವಿಲ್ಲದೆ ಸುಮ್ಮನಿತ್ತು. ‘ಐಪಿ ಲಿಂಕ್’ ಆಜ್ಞೆಯಿಂದ ಹೊಸ ಹೆಸರನ್ನು ತಿಳಿದು, ಜಾಲದ ಕಡತದಲ್ಲಿ ಅದನ್ನು ತಿದ್ದಿದೆವು. ಗ್ರಂಥಪಾಲಕರು ನಡುಗುವ ಕೈಯಿಂದ ‘ಕವಿರಾಜಮಾರ್ಗ’ ಎಂದು ಬೆರಳಚ್ಚಿಸಿದರು. ಬೀರುವಿನ ಸಂಖ್ಯೆಯೊಡನೆ ಪುಸ್ತಕದ ವಿವರ ಪರದೆಯ ಮೇಲೆ ಮೂಡಿತು.

ವಿಂಡೋಸ್ ಯಂತ್ರಗಳ ವಿಷಯ

ಅನೇಕ ಕಚೇರಿಗಳಲ್ಲಿರುವುದು ವಿಂಡೋಸ್ ಆದ್ದರಿಂದ ಅದರ ವಿಚಾರವಾಗಿಯೂ ಎರಡು ಮಾತು ಹೇಳುವುದು ಉಚಿತ. ಅಲ್ಲಿ ಮೂರನೆಯ ಬಾಗಿಲಿನ ತೊಂದರೆಯು ನೀಲಿ ಪರದೆಯ ರೂಪದಲ್ಲಿ, ೭ಬಿ ಎಂಬ ಸಂಖ್ಯೆಯೊಂದಿಗೆ ಕಾಣಿಸಿಕೊಳ್ಳುತ್ತದೆ; ಬೂಟ್ ಡಿಸ್ಕನ್ನು ಮುಟ್ಟಲಾಗಲಿಲ್ಲವೆಂದು ಅದರ ಅರ್ಥ. ಏಳುವ ಸಮಯಕ್ಕೇ ಬೇಕೆಂದು ಗುರುತು ಮಾಡಿದ ಚಾಲಕಗಳನ್ನು ಮಾತ್ರ ವಿಂಡೋಸ್ ಆರಂಭದಲ್ಲಿ ತುಂಬಿಕೊಳ್ಳುವುದೇ ಇದಕ್ಕೆ ಕಾರಣ. ಉಪಾಯ ಹೀಗಿದೆ. ಮೊದಲು ಕಲ್ಪಿತ ಡಿಸ್ಕನ್ನು ಹಳೆಯ ಐಡಿಇ ಬಗೆಯದೆಂದು ತೋರಿಸಿ ವ್ಯವಸ್ಥೆಯನ್ನು ಎಬ್ಬಿಸಬೇಕು. ಆಮೇಲೆ ವರ್ಟ್‌ಐಒ ಬಗೆಯ ಒಂದು ಚಿಕ್ಕ ಖಾಲಿ ಡಿಸ್ಕನ್ನು ಎರಡನೆಯದಾಗಿ ಜೋಡಿಸಿ, ಅದರ ಚಾಲಕವನ್ನು ಸ್ಥಾಪಿಸಬೇಕು. ಪರಿಚಯವಾದ ಮೇಲೆ ಯಂತ್ರವನ್ನು ನಿಲ್ಲಿಸಿ, ಮುಖ್ಯ ಡಿಸ್ಕನ್ನೂ ಅದೇ ಬಗೆಗೆ ಬದಲಿಸಬೇಕು. ಬೂಟ್‌ಲೋಡರೇ ಕಾಣೆಯಾಗಿದ್ದಲ್ಲಿ, ವಿಂಡೋಸ್ ಸ್ಥಾಪನಾ ಡಿಸ್ಕಿನ ದುರಸ್ತಿ ವಿಭಾಗದಿಂದ ‘ಬಿಸಿಡಿಬೂಟ್’ ಆಜ್ಞೆಯನ್ನು ಓಡಿಸಿ ಅದನ್ನು ಮತ್ತೆ ಬರೆಸಬಹುದು.

ಮುನ್ನೆಚ್ಚರಿಕೆಗಳು

ಈ ಅನುಭವದಿಂದ ನಾವು ಕಲಿತುದನ್ನು ಸಂಗ್ರಹವಾಗಿ ಹೇಳುವುದಾದರೆ:

ಒಂದು, ಸಾಗಿಸುವ ಮೊದಲು ಹಳೆಯ ಯಂತ್ರದ ಫರ್ಮ್‌ವೇರಿನ ಬಗೆ, ಡಿಸ್ಕುಗಳ ಗುರುತು, ಜಾಲದ ಕಾರ್ಡಿನ ಹೆಸರು ಇವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಯಂತ್ರದೊಳಗೆ ಬರೆದಿಟ್ಟರೆ ಬೇಕಾದಾಗ ಅದು ದೊರೆಯದು.

ಎರಡು, ಹಳೆಯ ಯಂತ್ರ ಇನ್ನೂ ಏಳುತ್ತಿರುವಾಗಲೇ ಎಲ್ಲ ಚಾಲಕಗಳನ್ನೂ ಸೇರಿಸಿ ಬುತ್ತಿಯನ್ನು ಕಟ್ಟಿಸಿಟ್ಟರೆ ಮೂರನೆಯ ಬಾಗಿಲು ತಾನಾಗಿ ತೆರೆಯುತ್ತದೆ.

ಮೂರು, ದತ್ತಾಂಶದ ಸೇವೆ ಓಡುತ್ತಿರುವಾಗ ನಕಲು ಮಾಡಬಾರದು. ಬರೆಯುತ್ತಿರುವ ಪುಟವನ್ನು ನಡುವೆಯೇ ಕಿತ್ತುಕೊಂಡಂತಾಗುತ್ತದೆ. ದತ್ತಾಂಶದ ಪ್ರತ್ಯೇಕ ಪ್ರತಿಯೊಂದು ಬೇರೆಡೆ ಇರಲೇಬೇಕು.

ನಾಲ್ಕು, ಪ್ರತಿಯೊಂದು ತಿದ್ದುಪಡಿಗೆ ಮುಂಚೆ ಕಲ್ಪಿತ ಡಿಸ್ಕಿನ ಪ್ರತಿಯೊಂದನ್ನು ತೆಗೆದಿಡಬೇಕು. ಒಂದು ಸಲಕ್ಕೆ ಒಂದೇ ತಿದ್ದುಪಡಿಯನ್ನು ಮಾಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯದು.

ಐದು, ಹಳೆಯ ಯಂತ್ರ ಮತ್ತು ಅದರ ಕಲ್ಪಿತ ರೂಪ ಎರಡನ್ನೂ ಒಂದೇ ಜಾಲದಲ್ಲಿ ಏಕಕಾಲಕ್ಕೆ ಎಬ್ಬಿಸಬಾರದು. ಇಬ್ಬರಿಗೂ ಒಂದೇ ವಿಳಾಸವಿರುವುದರಿಂದ ಯಾರ ಮಾತನ್ನು ಯಾರು ಕೇಳಿದರೆಂಬುದೇ ತಿಳಿಯದೆ ಗೊಂದಲವಾಗುತ್ತದೆ.

ಆರು, ಎಲ್ಲಕ್ಕಿಂತ ಮುಖ್ಯವಾಗಿ, ಕಲ್ಪಿತ ಯಂತ್ರವು ಕೆಲವು ವಾರಗಳ ಕಾಲ ನೆಟ್ಟಗೆ ನಡೆಯುವವರೆಗೆ ಹಳೆಯ ಡಿಸ್ಕನ್ನು ಅಳಿಸಬಾರದು.

ಉಪಸಂಹಾರ

ಅಂದು ಆ ಒಂದು ಸಾಲನ್ನು ಕಂಡು ಎಲ್ಲವನ್ನೂ ಅಳಿಸಿದ್ದರೆ, ಹೊಸ ವ್ಯವಸ್ಥೆಯೇನೋ ಒಂದು ಗಂಟೆಯಲ್ಲಿ ಸಿದ್ಧವಾಗುತ್ತಿತ್ತು. ಆದರೆ ತೆಗೆದಿಟ್ಟ ದತ್ತಾಂಶದ ಪ್ರತಿ ಸರಿಯಾಗಿದೆಯೆ ಎಂದು ನಾವು ಯಾರೂ ಪರೀಕ್ಷಿಸಿರಲಿಲ್ಲ. ಆಮೇಲೆ ಪರೀಕ್ಷಿಸಿದಾಗ ಅದು ಅರ್ಧಕ್ಕೇ ನಿಂತಿದ್ದುದು ತಿಳಿಯಿತು. ಪ್ರತಿಯನ್ನು ಬರೆಯುತ್ತಿದ್ದ ಪೆನ್‌ಡ್ರೈವಿನಲ್ಲಿ ಸ್ಥಳ ಮುಗಿದುಹೋಗಿತ್ತು. ಹಿಂದಿನ ಗ್ರಂಥಪಾಲಕರ ಹಲವು ವರ್ಷಗಳ ದುಡಿಮೆ ಉಳಿದದ್ದು ಆ ಸಂಜೆ ಒಬ್ಬರು ತಾಳ್ಮೆಯಿಂದ “ಯಾವ ಬಾಗಿಲು” ಎಂದು ಕೇಳಿದುದರಿಂದ. ಇತಿಹಾಸದ ವಿದ್ಯಾರ್ಥಿಗೆ ಇದು ಅಪರಿಚಿತವಾದ ಪಾಠವಲ್ಲ. ಅಕ್ಷರ ಸವೆದ ಶಾಸನವನ್ನು ಕಂಡೊಡನೆ ಅದರಲ್ಲಿ ಏನೂ ಇಲ್ಲವೆಂದು ನಾವು ತೀರ್ಮಾನಿಸುವುದಿಲ್ಲ. ಓದಲು ನಮಗೆ ಬಾರದಿರುವುದೆಲ್ಲಿ ಎಂದು ಹುಡುಕುತ್ತೇವೆ.

ಹಳೆಯ ಸರ್ವರು ಇಂದಿಗೂ ಭಂಡಾರದ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿದೆ. ಅದನ್ನು ಗುಜರಿಗೆ ಹಾಕಬಾರದೇಕೆಂದು ಹೊಸಬರು ಕೇಳುವುದುಂಟು. ಗ್ರಂಥಪಾಲಕರು ಮಾತ್ರ, “ಇನ್ನೊಂದು ವರ್ಷ ಇರಲಿ” ಎನ್ನುತ್ತಾರೆ. ಗುಹೆಯ ಬಾಗಿಲಲ್ಲಿ ಕಾವಲಿದ್ದ ಶಿಷ್ಯರ ಮಾತೂ ಬಹುಶಃ ಇದೇ ಆಗಿದ್ದಿರಬೇಕು.